ಒಂದು ಜಾಗ, ಎರಡು ಗಾಡಿ

2012ರ ಫೆಬ್ರವರಿ 24. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ವೆದರ್ಬಿ ಎಂಬ ಸಣ್ಣ ಪಟ್ಟಣದಲ್ಲಿ ಡಗ್ ಪಾಲೀ ಎಂಬುವರು ಲೀಡ್ಸ್ ನಗರಕ್ಕೆ ಹೋಗುವ ಬಸ್ಸಿಗಾಗಿ ಕಾಯುತ್ತಿದ್ದರು. ಅವರು ಗಾಲಿಕುರ್ಚಿ ಬಳಸುವವರು. ಲೀಡ್ಸ್‌ನಲ್ಲಿ ರೈಲು ಹಿಡಿದು ಸ್ಟೇಲಿಬ್ರಿಜ್ ಎಂಬ ಊರಿಗೆ ಹೋಗಿ, ತಂದೆತಾಯಿಯೊಡನೆ ಮಧ್ಯಾಹ್ನದ ಊಟ ಮಾಡುವುದು ಅವರ ಉದ್ದೇಶವಾಗಿತ್ತು. ಬಸ್ಸು ಬಂತು. ಅದರಲ್ಲಿ ಗಾಲಿಕುರ್ಚಿಗೆಂದು ಒಂದೇ ಒಂದು ಜಾಗ. ಅಲ್ಲಿ ಆಗಲೇ ಒಂದು ಮಗುವಿನ ತಳ್ಳುಗಾಡಿ ನಿಂತಿತ್ತು, ಗಾಡಿಯಲ್ಲಿ ಮಗು ನಿದ್ದೆ ಹೋಗಿತ್ತು. ಗಾಲಿಕುರ್ಚಿಯವರು ಬಂದರೆ ದಯವಿಟ್ಟು ಜಾಗ ಬಿಟ್ಟುಕೊಡಿ ಎಂಬ ಫಲಕವೂ ಅಲ್ಲಿತ್ತು. ಗಾಡಿಯನ್ನು ಮಡಚಿ ಬೇರೆಡೆ ಕುಳಿತುಕೊಳ್ಳುವಂತೆ ಚಾಲಕ ತಾಯಿಯನ್ನು ಕೇಳಿದ. ಈ ಗಾಡಿ ಮಡಚಲು ಬರುವುದಿಲ್ಲ ಎಂದು ಆಕೆ ಉತ್ತರಿಸಿದರು. ಹಾಗಾದರೆ ನನ್ನ ಕುರ್ಚಿಯನ್ನೇ ಮಡಚಿ ಸಾಮಾನ್ಯ ಆಸನದಲ್ಲಿ ಕೂರಲೇ ಎಂದು ಪಾಲೀ ಕೇಳಿದರು. ಅದಕ್ಕೆ ಚಾಲಕ ಒಪ್ಪಲಿಲ್ಲ. ಮಡಚಿದ ಕುರ್ಚಿಯನ್ನು ಭದ್ರವಾಗಿ ನಿಲ್ಲಿಸುವ ವ್ಯವಸ್ಥೆ ಬಸ್ಸಿನಲ್ಲಿಲ್ಲ, ದಾರಿಯಲ್ಲಿ ತಿರುವುಗಳೂ ಹೆಚ್ಚು ಎಂಬುದು ಕಾರಣ. ಪಾಲೀ ಮುಂದಿನ ಬಸ್ಸಿಗೆ ಕಾದರು, ಲೀಡ್ಸ್‌ನಲ್ಲಿ ರೈಲು ತಪ್ಪಿತು, ಊರು ಸೇರುವಾಗ ಒಂದು ಗಂಟೆ ತಡವಾಗಿತ್ತು.

ಈ ಒಂದು ಗಂಟೆಯ ವಿಚಾರ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ತೀರ್ಪೇನು ಎಂಬುದನ್ನು ಆಮೇಲೆ ನೋಡೋಣ. ಈ ಪ್ರಸಂಗದಲ್ಲಿ ಪದವಿಪೂರ್ವ ತರಗತಿಯ ಭೌತವಿಜ್ಞಾನದ ಮೂರು ನಾಲ್ಕು ಲೆಕ್ಕಗಳು ಅಡಗಿವೆ. ಅವನ್ನು ಬಿಡಿಸಿಕೊಂಡರೆ, ಅಂಗವಿಕಲರು ಮತ್ತು ಮಕ್ಕಳ ತಂದೆತಾಯಿಯರು ಯಾವುದನ್ನು ತಕರಾರಿಲ್ಲದೆ ಹಂಚಿಕೊಳ್ಳಬಲ್ಲರು, ಯಾವುದನ್ನು ಹಂಚಿಕೊಳ್ಳಲಾರರು ಎಂಬುದು ತಕ್ಕಮಟ್ಟಿಗೆ ಸ್ಪಷ್ಟವಾಗುತ್ತದೆ.

ಮೊದಲಿಗೆ ಮೆಟ್ಟಿಲು. ಗಾಲಿಕುರ್ಚಿಯ ಮುಂದಿನ ಚಿಕ್ಕ ಗಾಲಿಯನ್ನು ನೆನಪಿಸಿಕೊಳ್ಳಿ. ಅದರ ವ್ಯಾಸ 15 ಸೆಂ.ಮೀ., ಅಂದರೆ ತ್ರಿಜ್ಯ 7.5 ಸೆಂ.ಮೀ. ಎಂದಿಟ್ಟುಕೊಳ್ಳೋಣ. ನೆಲದಲ್ಲಿ 1 ಸೆಂ.ಮೀ. ಎತ್ತರದ ಅಂಚು ಎದುರಾದರೆ, ಅದನ್ನು ಹತ್ತಿಸಲು ಗಾಲಿಯ ಅಕ್ಷಕ್ಕೆ ಅಡ್ಡಲಾಗಿ ಎಷ್ಟು ಬಲ ಕೊಡಬೇಕು? ಅಂಚನ್ನು ಆಧಾರಬಿಂದುವಾಗಿ ಇಟ್ಟುಕೊಂಡು, ಬಲ ಮತ್ತು ಭಾರಗಳ ತಿರುಗಿಸುವ ಪರಿಣಾಮಗಳನ್ನು ಸರಿತೂಗಿಸಿ ನೋಡಿ. ಆ ಗಾಲಿಯ ಮೇಲಿರುವ ಭಾರದ ಸುಮಾರು 0.58ರಷ್ಟು ಬಲ ಸಾಕು. ಅಂಚು 2 ಸೆಂ.ಮೀ. ಆದರೆ ಭಾರದ 0.93ರಷ್ಟು ಬೇಕು. 5 ಸೆಂ.ಮೀ. ಆದರೆ ಭಾರದ 2.8 ಪಟ್ಟು! 7.5 ಸೆಂ.ಮೀ. ಮುಟ್ಟಿತೋ, ಉತ್ತರ ಅನಂತ. ಆ ಎತ್ತರದಿಂದಾಚೆಗೆ ಅಡ್ಡಲಾಗಿ ಎಷ್ಟೇ ತಳ್ಳಿದರೂ ಗಾಲಿ ಹತ್ತುವುದಿಲ್ಲ. ನಮ್ಮ ಸಾಮಾನ್ಯ ಮೆಟ್ಟಿಲಿನ ಎತ್ತರವೋ 15 ಸೆಂ.ಮೀ.

ಮಗುವಿನ ಗಾಡಿಯ ಗಾಲಿಯೂ ಚಿಕ್ಕದೇ. ಆದರೆ ಅದರ ಹಿಂದೆ ಹಿಡಿ ಹಿಡಿದು ನಿಂತ ಒಬ್ಬರಿದ್ದಾರೆ. ಅವರು ಹಿಡಿಯನ್ನು ಕೆಳಕ್ಕೆ ಒತ್ತಿದರೆ ಗಾಡಿ ಒಂದು ಸನ್ನೆಯಾಗುತ್ತದೆ, ಹಿಂದಿನ ಗಾಲಿಯೇ ಆನಿಕೆ, ಮುಂದಿನ ಗಾಲಿ ಸಲೀಸಾಗಿ ಮೇಲೇಳುತ್ತದೆ. ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಈ ಅನುಕೂಲವಿಲ್ಲ. ನುರಿತ ಕೆಲವರು ಮೈಯನ್ನು ಹಿಂದಕ್ಕೆ ವಾಲಿಸಿ ಮುಂದಿನ ಗಾಲಿ ಎತ್ತುತ್ತಾರಾದರೂ ಹಿಂದಕ್ಕೆ ಉರುಳುವ ಅಪಾಯ ಇದ್ದೇ ಇದೆ.

ಮೆಟ್ಟಿಲಿನ ಬದಲು ರ‍್ಯಾಂಪ್ ಇದ್ದರೆ? ಕುರ್ಚಿ ಮತ್ತು ವ್ಯಕ್ತಿ ಸೇರಿ 90 ಕೆ.ಜಿ. ಎಂದು ಹಿಡಿಯಿರಿ. ಸಮತಟ್ಟಾದ ಗಟ್ಟಿ ನೆಲದಲ್ಲಿ ಉರುಳು ಘರ್ಷಣೆಯನ್ನು ಮೀರಲು ಸುಮಾರು 13 ನ್ಯೂಟನ್ ಬಲ ಸಾಕು. 12 ಮೀಟರ್ ಉದ್ದಕ್ಕೆ 1 ಮೀಟರ್ ಏರುವ ರ‍್ಯಾಂಪಿನಲ್ಲಿ ಗುರುತ್ವದ ಪಾಲು 73 ನ್ಯೂಟನ್ ಸೇರಿ ಒಟ್ಟು 86 ಆಗುತ್ತದೆ. ಇದು ಸಮತಟ್ಟಿನ ಆರೂವರೆ ಪಟ್ಟು, ಅದೂ ಎರಡು ತೋಳುಗಳಿಂದಲೇ ಬರಬೇಕು. ಒಂದಕ್ಕೆ ಹನ್ನೆರಡು ಎಂಬ ಈ ಇಳಿಜಾರು ಹಲವು ದೇಶಗಳ ನಿಯಮಗಳಲ್ಲಿಯೂ ನಮ್ಮ ಮಾರ್ಗಸೂಚಿಗಳಲ್ಲಿಯೂ ಇರುವುದು ಸುಖದ ಮಿತಿಯಾಗಿ ಅಲ್ಲ, ಸಹನೆಯ ಮಿತಿಯಾಗಿ. ಇನ್ನು ಮಗುವೂ ಗಾಡಿಯೂ ಸೇರಿ 20 ಕೆ.ಜಿ. ಎಂದರೆ ಅದೇ ರ‍್ಯಾಂಪಿನಲ್ಲಿ ಬೇಕಾಗುವುದು 19 ನ್ಯೂಟನ್, ಎರಡು ಕೆ.ಜಿ. ತರಕಾರಿಯ ಚೀಲ ಎತ್ತಿದಷ್ಟು. ಒಂದಕ್ಕೆ ಆರು ಇಳಿಜಾರಿನಲ್ಲಿಯೂ ತಾಯಿ ಗಾಡಿಯನ್ನು ತಳ್ಳಿಕೊಂಡು ಹೋಗಿಯಾಳು. ಗಾಲಿಕುರ್ಚಿಯವರು ಅಲ್ಲಿ ಸೋಲುತ್ತಾರೆ. ಆದ್ದರಿಂದ ರ‍್ಯಾಂಪನ್ನು ಯಾರ ಅಳತೆಗೆ ಕಟ್ಟಬೇಕು ಎಂಬ ಪ್ರಶ್ನೆಗೆ ಒಂದೇ ಉತ್ತರ: ಕಷ್ಟ ಹೆಚ್ಚಿರುವವರ ಅಳತೆಗೆ. ಉಳಿದವರಿಗೆ ಅದು ತಾನಾಗಿಯೇ ಒಗ್ಗುತ್ತದೆ.

ಅಮೆರಿಕದ ಮಿಶಿಗನ್ ರಾಜ್ಯದ ಕಲಮಜೂ ನಗರದಲ್ಲಿ 1940ರ ದಶಕದಲ್ಲಿ, ಯುದ್ಧದಲ್ಲಿ ಅಂಗವಿಕಲರಾದ ಸೈನಿಕರಿಗಾಗಿ ಕಾಲುದಾರಿಯ ಅಂಚನ್ನು ತಗ್ಗಿಸಿ ಇಳಿಜಾರು ಮಾಡಿದರು. ಇಂಥ ಇಳಿಜಾರುಗಳು ಬೇರೆ ಊರುಗಳಿಗೂ ಹಬ್ಬಿದ ಮೇಲೆ ಅವನ್ನು ಹೆಚ್ಚಾಗಿ ಬಳಸಿದವರು ಮಕ್ಕಳ ಗಾಡಿ ತಳ್ಳುವವರು, ಸಾಮಾನು ಸಾಗಿಸುವವರು, ಸೈಕಲ್ಲಿನವರು. ಇದರಿಂದ ಯಾರಿಗೂ ನಷ್ಟವಾಗಲಿಲ್ಲ. ಒಬ್ಬರು ಹಾದುಹೋದ ಮೇಲೆ ಇಳಿಜಾರು ಇನ್ನೊಬ್ಬರಿಗೆ ಹಾಗೆಯೇ ಉಳಿದಿರುತ್ತದೆ.

ಬಸ್ಸಿನ ಜಾಗ ಹಾಗಲ್ಲ. ಅದು ಹಾದುಹೋಗುವ ದಾರಿಯಲ್ಲ, ತುಂಬಿಕೊಳ್ಳುವ ಸ್ಥಳ. ಬ್ರಿಟನ್ನಿನಲ್ಲಿ 2000ದಲ್ಲಿ ಬಂದ ಸಾರಿಗೆ ನಿಯಮಗಳ ಪ್ರಕಾರ ಬಸ್ಸಿನಲ್ಲಿ ಗಾಲಿಕುರ್ಚಿಗೆ ಕನಿಷ್ಠ 1300 ಮಿ.ಮೀ. ಉದ್ದ, 750 ಮಿ.ಮೀ. ಅಗಲದ ಜಾಗವಿರಬೇಕು, ಅಂದರೆ ಒಂದು ಚದರ ಮೀಟರಿಗೂ ತುಸು ಕಡಿಮೆ. ಒಂದಂತಸ್ತಿನ ಬಸ್ಸುಗಳಿಗೆ 2016ರ ಜನವರಿಯಿಂದಲೂ ಎರಡಂತಸ್ತಿನವಕ್ಕೆ 2017ರ ಜನವರಿಯಿಂದಲೂ ಇದು ಕಡ್ಡಾಯವಾಯಿತು. ಇಲ್ಲಿ ಒಂದು ಸ್ವಾರಸ್ಯವಿದೆ. ಹಿಂದಿನ ಬಸ್ಸುಗಳಿಗೆ ಮೆಟ್ಟಿಲುಗಳಿದ್ದವು, ತಂದೆತಾಯಿಯರು ಗಾಡಿಯನ್ನು ಮಡಚಿಯೇ ಹತ್ತಬೇಕಿತ್ತು. ಅಂಗವಿಕಲರು ವರ್ಷಗಟ್ಟಲೆ ಹೋರಾಡಿ ತಗ್ಗು ನೆಲದ ಬಸ್ಸುಗಳನ್ನು ತರಿಸಿದ ಮೇಲೆ, ಮಗು ಮಲಗಿದ್ದಂತೆಯೇ ಗಾಡಿಯನ್ನು ಒಳಗೆ ಉರುಳಿಸಿಕೊಂಡು ಬರುವುದು ಸಾಧ್ಯವಾಯಿತು. ಹೀಗೆ ಒಳಬಂದ ಗಾಡಿಗೆ ನಿಲ್ಲಲು ಇದ್ದ ಖಾಲಿ ಜಾಗ ಅದೊಂದೇ.

ಎರಡೂ ಮಡಚಬಹುದಾದ ವಸ್ತುಗಳಲ್ಲವೇ ಎಂದು ನೀವು ಕೇಳಬಹುದು. ಹೌದು, ಎರಡರ ಹಿಂದೆಯೂ ಒಳ್ಳೆಯ ಎಂಜಿನಿಯರಿಂಗ್ ಇದೆ. ಗಣಿ ಅಪಘಾತದಲ್ಲಿ ಕಾಲುಗಳ ಶಕ್ತಿ ಕಳೆದುಕೊಂಡ ಹರ್ಬರ್ಟ್ ಎವರೆಸ್ಟ್ ಮತ್ತು ಅವರ ಗೆಳೆಯ, ಎಂಜಿನಿಯರ್ ಹ್ಯಾರಿ ಜೆನಿಂಗ್ಸ್ ಸೇರಿ 1933ರಲ್ಲಿ ಅಮೆರಿಕದಲ್ಲಿ ಮಡಚುವ ಗಾಲಿಕುರ್ಚಿಯನ್ನು ಮಾಡಿದರು. ಆಸನದ ಅಡಿಯಲ್ಲಿ ಕತ್ತರಿಯಂತೆ ಅಡ್ಡಹಾಯ್ದ ಎರಡು ಉಕ್ಕಿನ ಕೊಳವೆಗಳೇ ಅದರ ಗುಟ್ಟು. ನಮ್ಮ ಆಸ್ಪತ್ರೆಗಳಲ್ಲಿ ಇಂದಿಗೂ ಕಾಣುವ ಕುರ್ಚಿ ಬಹುಮಟ್ಟಿಗೆ ಅದೇ. ಕೊಡೆಯಂತೆ ಮಡಚುವ ಮಗುವಿನ ಗಾಡಿಗೆ 1965ರಲ್ಲಿ ಪೇಟೆಂಟ್ ಕೋರಿದವರು ಓವೆನ್ ಮೆಕ್ಲಾರೆನ್. ಸ್ಪಿಟ್‌ಫೈರ್ ಯುದ್ಧವಿಮಾನದ ಗಾಲಿಚೌಕಟ್ಟಿನ ಮೇಲೆ ಕೆಲಸ ಮಾಡಿದ್ದ ಬ್ರಿಟಿಷ್ ಎಂಜಿನಿಯರ್ ಅವರು. ವಿಮಾನದ ಗಾಲಿ ಹೊಟ್ಟೆಯೊಳಗೆ ಮಡಚಿಕೊಳ್ಳುವುದನ್ನು ಬಲ್ಲವರಿಗೆ, ಮೊಮ್ಮಗುವಿನ ಗಾಡಿ ಕಾರಿನೊಳಗೆ ಮಡಚಿಕೊಳ್ಳದಿರುವುದು ಸಹಿಸದಾಗಿರಬೇಕು! ಹಗುರ ಲೋಹವಾದ ಅಲ್ಯೂಮಿನಿಯಂ ಬಳಸಿದ್ದರಿಂದ ಆ ಗಾಡಿಯ ತೂಕ ಮೂರು ಕೆ.ಜಿ.ಯ ಆಸುಪಾಸಿನಲ್ಲೇ ಇತ್ತು. ಮುಂದೆ ಗಾಡಿಗಳು ದೊಡ್ಡವಾದವು. ಮೇಲಿನ ಮೆಟ್ಟಿಲಿನ ಲೆಕ್ಕವೇ ಇದಕ್ಕೆ ಒಂದು ಕಾರಣವನ್ನು ಹೇಳುತ್ತದೆ: ಗಾಲಿ ದೊಡ್ಡದಾದಷ್ಟೂ ರಸ್ತೆಯ ಏರುಪೇರು ತಟ್ಟುವುದಿಲ್ಲ. ಬೀದಿಗೆ ಒಳ್ಳೆಯದಾದ ಗಾಡಿ ಬಸ್ಸಿಗೆ ತೊಡಕಾಯಿತು.

ಈಗ ಆ ಚಾಲಕನ ಮಾತನ್ನು ಪರೀಕ್ಷಿಸೋಣ. ಮಡಚಿ ನಿಲ್ಲಿಸಿದ ಕುರ್ಚಿಯ ಅಗಲ 30 ಸೆಂ.ಮೀ., ಅದರ ಗುರುತ್ವ ಕೇಂದ್ರ ನೆಲದಿಂದ 45 ಸೆಂ.ಮೀ. ಎತ್ತರದಲ್ಲಿದೆ ಎನ್ನಿ. ಅರ್ಧ ಅಗಲವನ್ನು ಎತ್ತರದಿಂದ ಭಾಗಿಸಿದರೆ ಮೂರನೇ ಒಂದು. ಅಂದರೆ ಅಡ್ಡ ದಿಕ್ಕಿನ ವೇಗೋತ್ಕರ್ಷ ಗುರುತ್ವದ ಮೂರನೇ ಒಂದು ಭಾಗ, ಸೆಕೆಂಡಿಗೆ ಸೆಕೆಂಡಿಗೆ 3.3 ಮೀಟರ್, ಮುಟ್ಟಿದಾಗ ಕುರ್ಚಿ ಪಕ್ಕಕ್ಕೆ ಉರುಳುತ್ತದೆ. ಗಂಟೆಗೆ 36 ಕಿ.ಮೀ. ವೇಗದ ಬಸ್ಸು 30 ಮೀಟರ್ ತ್ರಿಜ್ಯದ ತಿರುವಿನಲ್ಲಿ ಹೋದರೆ ಒದಗುವುದು ಸರಿಯಾಗಿ ಅಷ್ಟೇ. ಉರುಳಿದ ಉಕ್ಕಿನ ಕುರ್ಚಿ ನಿಂತ ಪ್ರಯಾಣಿಕರ ಕಾಲಿಗೋ, ಗಾಡಿಯಲ್ಲಿ ಮಲಗಿದ ಆ ಮಗುವಿಗೋ ಬಡಿಯಬಹುದಿತ್ತು. ಚಾಲಕ ಹೇಳಿದ್ದು ಸರಿ.

ಹಾಗಾದರೆ ಕುರ್ಚಿಯಲ್ಲೇ ಕುಳಿತು ಓಡಾಡುವ ದಾರಿಯಲ್ಲಿ ನಿಲ್ಲಬಹುದೆ? ಬಸ್ಸು ಗಂಟೆಗೆ 36 ಕಿ.ಮೀ. ವೇಗದಿಂದ ಎರಡೂವರೆ ಸೆಕೆಂಡಿನಲ್ಲಿ ನಿಂತರೆ 90 ಕೆ.ಜಿ.ಯ ಕುರ್ಚಿ-ವ್ಯಕ್ತಿಯನ್ನು ತಡೆದು ನಿಲ್ಲಿಸಲು 360 ನ್ಯೂಟನ್ ಬಲ ಬೇಕು. ಅದು 37 ಕೆ.ಜಿ. ಮೂಟೆಯ ಭಾರಕ್ಕೆ ಸಮ. ಮೀಸಲು ಜಾಗದಲ್ಲಿ ಇದಕ್ಕೆಂದೇ ಮೆತ್ತನೆಯ ಒಂದು ಎತ್ತರದ ಒರಗುಹಲಗೆ ಇರುತ್ತದೆ. ಕುರ್ಚಿಯವರು ಬಸ್ಸಿನ ಹಿಂಭಾಗಕ್ಕೆ ಮುಖಮಾಡಿ, ಬೆನ್ನನ್ನು ಹಲಗೆಯ ಕಡೆಗಿಟ್ಟು ಕೂರುತ್ತಾರೆ. ಬ್ರೇಕ್ ಬಿದ್ದಾಗ ಜಡತ್ವದಿಂದ ಬೆನ್ನು ಹಲಗೆಗೆ ಒತ್ತುತ್ತದೆ, ಬಲ ಇಡೀ ಬೆನ್ನಿನ ಮೇಲೆ ಹರಡಿಕೊಳ್ಳುತ್ತದೆ. ಹಿಮ್ಮುಖವಾಗಿ ಏಕೆ ಎಂದರೆ, ಬಸ್ಸು ಹೊರಡುವಾಗಿನ ವೇಗೋತ್ಕರ್ಷಕ್ಕಿಂತ ಬ್ರೇಕ್ ಹಾಕುವಾಗಿನದು ಬಹಳ ಹೆಚ್ಚು. ಹೊರಡುವಾಗಿನದನ್ನು ಕುರ್ಚಿಯ ಸ್ವಂತ ಬ್ರೇಕು ತಾಳಿಕೊಳ್ಳುತ್ತದೆ. ಆ ಹಲಗೆಯಿಲ್ಲದ ಜಾಗ ಗಾಲಿಕುರ್ಚಿಗೆ ಜಾಗವೇ ಅಲ್ಲ.

ಇಲ್ಲಿಗೆ ವಿಷಯದ ತಿರುಳು ಸಿಕ್ಕಿತು. ತಾಯಿ, ಮಗು, ಗಾಡಿ ಇವು ಬೇರ್ಪಡಿಸಬಹುದಾದ ಮೂರು ಕಾಯಗಳು. ಮಗು ಮಡಿಲಿಗೆ, ತಾಯಿ ಆಸನಕ್ಕೆ, ಗಾಡಿ ಮೂಲೆಗೆ ಹೋಗಬಹುದು. ಗಾಲಿಕುರ್ಚಿ ಮತ್ತು ಅದರಲ್ಲಿರುವವರು ಚಲನೆಯ ದೃಷ್ಟಿಯಿಂದ ಒಂದೇ ಕಾಯ. ಬ್ಯಾಟರಿ ಮತ್ತು ಮೋಟಾರಿನ ಕುರ್ಚಿಯಾದರೆ ಅದರ ತೂಕವೇ ನೂರು ಕೆ.ಜಿ. ದಾಟಬಹುದು, ಮಡಚುವ ಮಾತೇ ಇಲ್ಲ. ತಾಯಿಯ ಕಷ್ಟ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಗಾಡಿ ಮಡಚಲು ಎರಡು ಕೈ ಬೇಕಾದರೆ, ಆ ಹೊತ್ತಿಗೆ ಮಗುವನ್ನು ಹಿಡಿಯುವುದು ಯಾವ ಕೈಯಲ್ಲಿ? ಗಾಡಿಯಲ್ಲಿರುವ ಮಗುವೇ ಅಂಗವಿಕಲವಾಗಿದ್ದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಆದರೂ ಒಬ್ಬರಿಗೆ ತ್ರಾಸದಾಯಕವಾದ ಬದಲಿ ವ್ಯವಸ್ಥೆಯಿದೆ, ಇನ್ನೊಬ್ಬರಿಗೆ ಬದಲಿಯೇ ಇಲ್ಲ.

ನ್ಯಾಯಾಲಯಗಳು ಈ ಬಗ್ಗೆ ಏಕಮತಕ್ಕೆ ಬರಲು ಒದ್ದಾಡಿದವು. 2013ರಲ್ಲಿ ಲೀಡ್ಸ್‌ನ ನ್ಯಾಯಾಲಯ ಪಾಲೀಯವರ ಪರವಾಗಿ ತೀರ್ಪಿತ್ತು ಬಸ್ ಕಂಪನಿ 5,500 ಪೌಂಡ್ ಪರಿಹಾರ ಕೊಡಬೇಕೆಂದಿತು. 2014ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಾಧೀಶರು 2017ರ ಜನವರಿ 18ರಂದು ಪಾಲೀಯವರ ಮನವಿಯನ್ನು ಭಾಗಶಃ ಒಪ್ಪಿದರು. ಒಮ್ಮೆ ವಿನಂತಿಸಿ ಸುಮ್ಮನಾಗುವುದು ಚಾಲಕನಿಗೆ ಸಲ್ಲದು, ನಿರಾಕರಣೆ ಅಸಮಂಜಸ ಎನಿಸಿದರೆ ಜಾಗ ಬಿಡಲೇಬೇಕು ಎಂಬಂತೆ ಹೇಳಬೇಕು, ಸಮಯವಿದ್ದರೆ ಕೆಲವು ನಿಮಿಷ ಬಸ್ಸನ್ನು ನಿಲ್ಲಿಸಿಯಾದರೂ ಒತ್ತಡ ತರುವುದನ್ನು ಯೋಚಿಸಬೇಕು ಎಂಬುದು ಅದರ ಸಾರ. ಒಪ್ಪದ ಪ್ರಯಾಣಿಕರನ್ನು ಕೆಳಗಿಳಿಸಬೇಕು ಎಂದೇನೂ ಹೇಳಲಿಲ್ಲ. ಪರಿಹಾರದ ಹಣವಂತೂ ನಾಲ್ಕಕ್ಕೆ ಮೂರು ಮತಗಳಿಂದ ಕೈತಪ್ಪಿತು. ಈ ನಡುದಾರಿ ನನಗೆ ಅಷ್ಟಾಗಿ ಹಿಡಿಸಿಲ್ಲ. ಜಾಗವನ್ನು ನಿಯಮ ಮಿಲಿಮೀಟರಿನಲ್ಲಿ ಹೇಳುತ್ತದೆ, ಅದನ್ನು ಬಿಡಿಸಿಕೊಡುವ ವಿಧಾನವನ್ನು ಮಾತ್ರ ಚಾಲಕನ ವಿವೇಚನೆಗೆ ಬಿಟ್ಟಿದೆ.

ಸಾರ್ವಜನಿಕ ಶೌಚಾಲಯದಲ್ಲಿಯೂ ಇದೇ ಬಗೆಯ ತಕರಾರು. ಕುರ್ಚಿ ತಿರುಗಲು ಒಂದೂವರೆ ಮೀಟರ್ ವ್ಯಾಸದ ಬಯಲು ಬೇಕು. ಮಗುವಿನ ಬಟ್ಟೆ ಬದಲಿಸುವ ಮಡಚುಹಲಗೆಯನ್ನು ಅದೇ ಕೋಣೆಯ ಗೋಡೆಗೆ ಜೋಡಿಸಿ, ಬಳಸಿದವರು ಅದನ್ನು ಎತ್ತಿಡದೆ ಹೋದರೆ ಆ ಬಯಲು ಮಾಯ. ಇಲ್ಲಿ ಪರಿಹಾರ ಅಗ್ಗ: ಹಲಗೆಗೆ ಬೇರೆ ಗೋಡೆ.

ನಮ್ಮಲ್ಲಿ ಬಸ್ಸಿಗೆ ಮಗುವಿನ ಗಾಡಿ ತರುವವರು ಅಪರೂಪ. ಮಗು ಕಂಕುಳಲ್ಲಿರುತ್ತದೆ, ಇಲ್ಲವೇ ಪಕ್ಕದಲ್ಲಿ ಕುಳಿತ ಅಪರಿಚಿತ ಅಜ್ಜಿಯ ಮಡಿಲಲ್ಲಿ. ಆದರೆ ಬೆಂಗಳೂರಿನ ಮೆಟ್ರೊ ನಿಲ್ದಾಣದ ಲಿಫ್ಟಿನ ಮುಂದೆ ಗಾಲಿಕುರ್ಚಿ, ಮಗುವಿನ ಗಾಡಿ, ಊರಿಂದ ಬಂದವರ ಸೂಟ್‌ಕೇಸು ಒಟ್ಟಿಗೆ ಕಾಯುವುದನ್ನು ನೀವೂ ನೋಡಿರಬಹುದು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ಎಲ್ಲರೂ ಬಳಸಬಲ್ಲ ವಿನ್ಯಾಸವನ್ನು ಬಯಸುತ್ತದೆ. ಅದು ನಿಮ್ಮ ಶಾಲೆಯ ಬಾಗಿಲಿನಲ್ಲಿ ಎಷ್ಟರಮಟ್ಟಿಗೆ ಇದೆ ಎಂಬುದನ್ನು ವಿದ್ಯಾರ್ಥಿಗಳೇ ಅಳೆಯಬಹುದು. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ನೀರು ತುಂಬಿದ ಪಾರದರ್ಶಕ ಕೊಳವೆ, ಒಂದು ಟೇಪು, ತರಕಾರಿ ಅಂಗಡಿಯ ಸ್ಪ್ರಿಂಗ್ ತಕ್ಕಡಿ ಸಾಕು.

ನಾನು ಪಾಠ ಹೇಳುವ ಕಾಲೇಜಿನಲ್ಲಿ ಹೀಗೆ ಅಳೆದೆವು. ಜಗುಲಿಯ ಎತ್ತರ 60 ಸೆಂ.ಮೀ., ರ‍್ಯಾಂಪಿನ ಉದ್ದ 3.6 ಮೀಟರ್. ಅಂದರೆ ಒಂದಕ್ಕೆ ಆರು. ಗಾಲಿಕುರ್ಚಿಯಲ್ಲಿ ಒಬ್ಬ ವಿದ್ಯಾರ್ಥಿಯನ್ನು ಕೂರಿಸಿ ಎಳೆದಾಗ ತಕ್ಕಡಿ 16 ಕೆ.ಜಿ. ತೋರಿಸಿತು. ಮರುವರ್ಷ ಮಧ್ಯೆ ಒಂದು ತಿರುವು ಕೊಟ್ಟು 7.2 ಮೀಟರಿಗೆ ಉದ್ದ ಮಾಡಿಸಿದರು, ತಕ್ಕಡಿಯ ಮುಳ್ಳು 9ಕ್ಕೆ ಇಳಿಯಿತು. ಈಗ ಪ್ರಯೋಗಾಲಯದ ಸಿಲಿಂಡರ್ ಬಂಡಿ, ಗ್ರಂಥಾಲಯದ ಪುಸ್ತಕದ ಗಾಡಿ, ಪರೀಕ್ಷೆ ಬರೆಯಲು ಕೂಸನ್ನು ಕರೆತರುವ ತಾಯಂದಿರು ಎಲ್ಲರೂ ಅದರ ಮೇಲೆಯೇ ಹೋಗುತ್ತಾರೆ. ರ‍್ಯಾಂಪಿನ ಬುಡದಲ್ಲಿ ಕುರ್ಚಿ ತಿರುಗಲೆಂದು ಒಂದೂವರೆ ಮೀಟರ್ ಬದಿಯ ಚೌಕವೊಂದನ್ನು ಹಳದಿ ಬಣ್ಣದಿಂದ ಗುರುತಿಸಿದೆವು. ಅಲ್ಲಿ ಎರಡು ಸ್ಕೂಟರುಗಳು ಚೆನ್ನಾಗಿ ಹಿಡಿಸುತ್ತವೆ ಎಂಬುದು ಆ ವಾರದಲ್ಲೇ ಗೊತ್ತಾಯಿತು. ಅವುಗಳ ಪೈಕಿ ಒಂದು ನಮ್ಮ ವಿಭಾಗದ್ದೇ.