ಬಂದ ಕಡತವು ಪೂರ್ಣವೆ?

ಅಂತರಜಾಲದಿಂದ ಕಡತಗಳನ್ನು ಇಳಿಸಿಕೊಳ್ಳುವ ಕಾರ್ಯವನ್ನು ಸ್ಕ್ರಿಪ್ಟಿಗೆ ವಹಿಸಿದಾಗ, ಕಡತವು ಬಂದಿತೆಂಬುದೇ ಬೇರೆ, ಪೂರ್ಣವಾಗಿ ಬಂದಿತೆಂಬುದೇ ಬೇರೆ. ಹಳೆಯ ಗ್ರಂಥಗಳ ನೂರಾರು ಪುಟಚಿತ್ರಗಳನ್ನು ತರಿಸಿಕೊಳ್ಳುವ ಸಂಶೋಧಕನಿಗೆ ಈ ಭೇದವು ಮಹತ್ವದ್ದು.

ಸರ್ವರು ಮೊದಲು ಒಂದು ಸಂಖ್ಯೆಯನ್ನು ಕಳುಹಿಸುತ್ತದೆ: 200 ಎಂದರೆ ಕೋರಿಕೆ ಸಫಲ, 404 ಎಂದರೆ ಕೇಳಿದ ಕಡತ ಅಲ್ಲಿಲ್ಲ. ಇದನ್ನು ಪರೀಕ್ಷಿಸದ ಸ್ಕ್ರಿಪ್ಟು ‘ದೊರೆಯಲಿಲ್ಲ’ವೆಂಬ ಪುಟವನ್ನೇ ಗ್ರಂಥದ ಹೆಸರಿನಲ್ಲಿ ಉಳಿಸೀತು. 1998ರಲ್ಲಿ ಹೊರಬಂದ ಕರ್ಲ್ ಎಂಬ ಪ್ರಸಿದ್ಧ ಸಾಧನವೂ, ‘ಫೇಲ್’ ಎಂಬ ಆಯ್ಕೆಯನ್ನು ಕೊಡದಿದ್ದರೆ, ಹಾಗೆಯೇ ಮಾಡುವುದು.

ಆದುದರಿಂದ ಕಡತವನ್ನು ಮೊದಲು ತಾತ್ಕಾಲಿಕ ಹೆಸರಿನಲ್ಲಿರಿಸಿ, ಸರ್ವರು ತಿಳಿಸಿದ ಬೈಟುಗಳ ಸಂಖ್ಯೆಯೊಡನೆ ಹೋಲಿಸಿ, ಪ್ರಕಾಶಕರು ಎಸ್‌ಎಚ್‌ಎ-256 ಮೊತ್ತವನ್ನು ಕೊಟ್ಟಿದ್ದರೆ ಅದನ್ನೂ ತಾಳೆನೋಡಿ, ಅನಂತರವೇ ನಿಜವಾದ ಹೆಸರನ್ನು ಇಡತಕ್ಕದ್ದು. ಮೂಲವು ಜಾಲದಿಂದ ಮರೆಯಾದ ಮೇಲೆ ಲೋಪವು ತಿಳಿದುಬಂದರೆ ಫಲವೇನು?