ಮೀಟರಿನಲ್ಲಿ ಕಾಣದ ಬಾಡಿಗೆ

2020ರ ಮಾರ್ಚ್ 9ರಂದು ಪುಣೆಯಲ್ಲಿ ಮಹಾರಾಷ್ಟ್ರದ ಮೊದಲ ಇಬ್ಬರು ಕೊರೋನಾ ರೋಗಿಗಳು ಪತ್ತೆಯಾದರು. ದುಬೈ ಪ್ರವಾಸ ಮುಗಿಸಿ ಬಂದಿದ್ದ ದಂಪತಿ. ಮರುದಿನ ಇನ್ನೂ ಮೂವರ ವರದಿ ಬಂತು. ಒಬ್ಬರು ಅವರ ಮಗಳು, ಇನ್ನೊಬ್ಬರು ಅದೇ ವಿಮಾನದಲ್ಲಿದ್ದ ಸಹಪ್ರಯಾಣಿಕರು. ಮೂರನೆಯವರು ಮುಂಬಯಿ ವಿಮಾನ ನಿಲ್ದಾಣದಿಂದ ಅವರನ್ನು ಪುಣೆಗೆ ಬಿಟ್ಟುಬಂದ ಟ್ಯಾಕ್ಸಿಯ ಚಾಲಕ.

ಇಡೀ ರಾಜ್ಯದ ಲೆಕ್ಕ ಐದು, ಅದರಲ್ಲೊಬ್ಬ ಡ್ರೈವರ್. ಅವರಿಗೆ ರೋಗ ಹತ್ತಿದ್ದು ವಿದೇಶ ಸುತ್ತಿ ಅಲ್ಲ, ಬಾಡಿಗೆ ಹೊಡೆದು. ಸುಮಾರು 150 ಕಿಲೋಮೀಟರಿನ ದಾರಿ, ಮೂರು ನಾಲ್ಕು ತಾಸಿನ ಪ್ರಯಾಣ. ಇದರಲ್ಲಿ ಆ ದಂಪತಿಯ ತಪ್ಪೂ ಇರಲಿಲ್ಲ, ಅವರಿಗಾದರೂ ಏನು ಗೊತ್ತಿತ್ತು? ಆದರೆ ಮುಂದಿನ ಎರಡು ವರ್ಷ ಈ ಕಸುಬಿನವರು ಎದುರಿಸಿದ ಪೇಚು ಪೂರ್ತಿಯಾಗಿ ಆ ಒಂದು ಬಾಡಿಗೆಯಲ್ಲೇ ಇತ್ತು. ಹಿಂದಿನ ಸೀಟಿನಲ್ಲಿ ಕೂತವರು ಎಲ್ಲಿಂದ ಬಂದರು, ಮನೆಯಲ್ಲಿ ಯಾರಿಗಾದರೂ ಜ್ವರವಿದೆಯೇ, ಇದೊಂದೂ ಸ್ಟೇರಿಂಗ್ ಹಿಡಿದವನಿಗೆ ತಿಳಿಯುವುದಿಲ್ಲ. ಹತ್ತು ಸೆಕೆಂಡಿನಲ್ಲಿ ಹೂಂ ಅನ್ನಬೇಕು ಇಲ್ಲವೇ ಊಹೂಂ.

ನಾವು, ಅಂದರೆ ಹಿಂದೆ ಕೂತವರು, ಇದನ್ನು ತಿರುವುಮುರುವಾಗಿ ಕಂಡೆವು. ಬಾಗಿಲಿನ ಹಿಡಿಕೆಗೆ ಸ್ಯಾನಿಟೈಸರ್ ಸುರಿದು, ಸೀಟಿನ ತುದಿಯಲ್ಲಿ ಕೂತು, ಈತ ಬೆಳಗ್ಗಿನಿಂದ ಎಷ್ಟು ಮಂದಿಯನ್ನು ಕೂರಿಸಿಕೊಂಡು ಬಂದಿದ್ದಾನೋ ಎಂದು ಕನ್ನಡಿಯಲ್ಲಿ ಅವನ ಮುಖ ನೋಡುತ್ತಿದ್ದೆವು. ಕನ್ನಡಿಯಲ್ಲಿ ಆತನೂ ನಮ್ಮನ್ನು ನೋಡುತ್ತಿದ್ದ. ಯಾರ ಭಯಕ್ಕೆ ಹೆಚ್ಚು ಆಧಾರವಿತ್ತು? ಇಂಗ್ಲೆಂಡ್ ಮತ್ತು ವೇಲ್ಸ್‌ನ ಅಂಕಿಅಂಶ ಕಚೇರಿ ವೃತ್ತಿವಾರು ಲೆಕ್ಕ ತೆಗೆದಿತ್ತು. 2020ರ ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿ 20ರಿಂದ 64 ವಯಸ್ಸಿನ ಗಂಡಸರಲ್ಲಿ ಲಕ್ಷಕ್ಕೆ ಸುಮಾರು 31 ಮಂದಿ ಕೊರೋನಾದಿಂದ ಸತ್ತರೆ, ಟ್ಯಾಕ್ಸಿ ಚಾಲಕರಲ್ಲಿ ಆ ಸಂಖ್ಯೆ 101. ಮೂರು ಪಟ್ಟಿಗೂ ಮಿಗಿಲು. ಪ್ರಯಾಣಿಕ ಅರ್ಧ ತಾಸು ಕೂತು ಇಳಿದುಹೋಗುತ್ತಾನೆ, ಚಾಲಕ ಅದೇ ಗಾಳಿಯಲ್ಲಿ ದಿನವಿಡೀ ಇರುತ್ತಾನೆ.

ಮಾರ್ಚ್ 22ರ ಜನತಾ ಕರ್ಫ್ಯೂ, 25ರಿಂದ ಲಾಕ್‌ಡೌನ್. ಮುಂಬಯಿಯ ಕಾಲಿ-ಪೀಲಿಗಳು ಫುಟ್‌ಪಾತಿಗೆ ಒರಗಿ ನಿಂತವು. ನಿಂತ ಗಾಡಿಗೂ ಖರ್ಚಿದೆ ಎಂಬುದು ಗಾಡಿ ಇಟ್ಟವರಿಗಷ್ಟೇ ಗೊತ್ತು. ಬ್ಯಾಟರಿ ಇಳಿಯಿತು, ಟೈರು ಕೂತಿತು, ಬಾನೆಟ್ಟಿನೊಳಗೆ ಇಲಿಗಳು ವೈರು ಕಡಿದವು. ರಿಸರ್ವ್ ಬ್ಯಾಂಕು ಸಾಲದ ಕಂತಿಗೆ ಮೊದಲು ಮೂರು ತಿಂಗಳು, ಆಮೇಲೆ ಆಗಸ್ಟ್ ಕೊನೆಯವರೆಗೆ ವಿನಾಯಿತಿ ಕೊಟ್ಟಿತು. ಆದರೆ ಅದು ಕಂತು ಮುಂದೂಡಿದ್ದೇ ಹೊರತು ಬಡ್ಡಿ ಮನ್ನಾ ಮಾಡಿದ್ದಲ್ಲ. ಓಡದ ತಿಂಗಳುಗಳ ಬಡ್ಡಿ ಓಡುವ ತಿಂಗಳುಗಳ ಮೇಲೆ ಬಿತ್ತು. ಪರ್ಮಿಟ್, ಫಿಟ್ನೆಸ್‌ಗಳ ಅವಧಿಯನ್ನು ಕೇಂದ್ರ ಸರ್ಕಾರ ಮತ್ತೆ ಮತ್ತೆ ವಿಸ್ತರಿಸಿತು. ವಿಮೆಯ ವಿಷಯದಲ್ಲಿ ಸಿಕ್ಕ ರಿಯಾಯಿತಿ 2020ರ ಮೇ 15ರವರೆಗೆ ಮಾತ್ರ.

ಟ್ಯಾಕ್ಸಿಯವರು ಎಂದರೆ ಎಲ್ಲರೂ ಒಂದೇ ಅಲ್ಲ. ಸ್ವಂತ ಗಾಡಿಯಿದ್ದು ಸಾಲ ತೀರಿದವನಿಗೆ ಮನೆಯಲ್ಲಿ ಕೂರುವ ಆಯ್ಕೆ ಸ್ವಲ್ಪವಾದರೂ ಇತ್ತು. ಆ್ಯಪ್ ಕಂಪನಿಗೆ ಸೇರಿಸಲೆಂದು ಸಾಲ ಮಾಡಿ ಹೊಸ ಕಾರು ಕೊಂಡವನಿಗೆ ಕಂತೇ ಯಜಮಾನ. ಇನ್ನು ಮಾಲೀಕನ ಗಾಡಿಯನ್ನು ಪಾಳಿಯ ಮೇಲೆ ಹೊಡೆಯುವವನ ಹೆಸರು ಯಾವ ಸಾಲದ ಕಾಗದದಲ್ಲೂ ಇಲ್ಲ, ಹಾಗಾಗಿ ಯಾವ ವಿನಾಯಿತಿಯಲ್ಲೂ ಇಲ್ಲ. ಬೆಳಗ್ಗೆ ಬೋಣಿಯಾದರೆ ಸಂಜೆ ಊಟ. ಇವನೇ ಎಲ್ಲರಿಗಿಂತ ಮೊದಲು ಬೀದಿಗೆ ಇಳಿದವನು, ಧೈರ್ಯ ಹೆಚ್ಚಿದ್ದರಿಂದಲ್ಲ.

ಬೀದಿಗೆ ಇಳಿಯುವುದೋ ಊರಿಗೆ ಹೋಗುವುದೋ ಎಂಬ ಇನ್ನೊಂದು ತೂಕವೂ ಇತ್ತು. ಮೇ ತಿಂಗಳಲ್ಲಿ ಮುಂಬಯಿ–ನಾಸಿಕ್ ಹೆದ್ದಾರಿಯಲ್ಲಿ ಕಾಲಿ-ಪೀಲಿ ಟ್ಯಾಕ್ಸಿಗಳು, ರಿಕ್ಷಾಗಳು ಸಾಲುಗಟ್ಟಿದ್ದನ್ನು ಎಲ್ಲರೂ ನೋಡಿದ್ದೇವೆ. ಚಾಲಕರು ಹೆಂಡತಿ ಮಕ್ಕಳನ್ನೂ ಸ್ಟವ್ವು ಪಾತ್ರೆಗಳನ್ನೂ ತುಂಬಿಕೊಂಡು ಉತ್ತರ ಪ್ರದೇಶ, ಬಿಹಾರದ ಕಡೆಗೆ ಸಾವಿರ, ಸಾವಿರದೈನೂರು ಕಿಲೋಮೀಟರು ಹೊರಟಿದ್ದರು. ಊರೊಳಗಿನ ಸವಾರಿಗೆಂದು ಇದ್ದ ಗಾಡಿ ಮೊದಲ ಬಾರಿಗೆ ಒಡೆಯನ ಕುಟುಂಬವನ್ನೇ ಅಷ್ಟು ದೂರ ಹೊತ್ತಿತ್ತು.

ನಮ್ಮವರ ದಾರಿ ದಕ್ಷಿಣಕ್ಕೆ. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ, ಪಾಸಿಗಾಗಿ ಕಾದು, ಟೂರಿಸ್ಟ್ ಕಾರು ಗೊತ್ತುಮಾಡಿಕೊಂಡು ಉಡುಪಿಗೋ ಕೆ.ಆರ್. ಪೇಟೆಗೋ ಕಲಬುರಗಿಗೋ ಹೊರಟ ಮುಂಬಯಿ ಕನ್ನಡಿಗರು ಎಷ್ಟು ಜನ! ಆ ಬಾಡಿಗೆಯನ್ನು ಒಪ್ಪುವ ಮುನ್ನ ಚಾಲಕ ಹಾಕಿದ ಲೆಕ್ಕವನ್ನು ಸ್ವಲ್ಪ ನೋಡಬೇಕು. ಮುಂಬಯಿಯಿಂದ ಉಡುಪಿಗೆ ಸುಮಾರು 900 ಕಿಲೋಮೀಟರು. ಒಂದು ಹಗಲು ಒಂದು ರಾತ್ರಿ ಅದೇ ಕಾರಿನಲ್ಲಿ ಅದೇ ಜನ. ಒಬ್ಬರು ಕೆಮ್ಮಿದರೂ ಇಳಿದುಹೋಗುವಂತಿಲ್ಲ. ದಾರಿಯಲ್ಲಿ ಕೂತು ಉಣ್ಣಲು ಹೋಟೆಲಿಲ್ಲ, ಮೈ ಚಾಚಲು ಲಾಡ್ಜಿಲ್ಲ. ಗಡಿಯಲ್ಲಿ ಪಾಸು ತೋರಿಸಿ, ಟೆಂಪರೇಚರ್ ನೋಡಿಸಿಕೊಂಡು ನಿಲ್ಲಬೇಕು. ಬಿಟ್ಟವರು ಊರು ಸೇರಿ ಶಾಲೆಯಲ್ಲೋ ಹಾಸ್ಟೆಲಿನಲ್ಲೋ ಕ್ವಾರಂಟೈನ್ ಆಗುತ್ತಾರೆ. ಬಿಡಲು ಹೋದವನು ಅವತ್ತೇ ಗಾಡಿ ತಿರುಗಿಸಿಕೊಂಡು, ಕಾರು ಖಾಲಿ, ಹೊಟ್ಟೆಯೂ ಬಹುಶಃ ಖಾಲಿ, ಮತ್ತೆ 900 ಕಿಲೋಮೀಟರು ಒಬ್ಬನೇ ಬರಬೇಕು. ಬಾಡಿಗೆ ಜಾಸ್ತಿ ಕೇಳಿದನೆಂದು ಆಗ ಬೈದವರಿದ್ದಾರೆ. ಲಾಭ ಹೊಡೆದವರೂ ಇದ್ದಿರಬಹುದು, ಆದರೆ ಆ ಮೊತ್ತದಲ್ಲಿ ಹಿಂದಿರುಗುವ ದಾರಿಯೂ ಸೇರಿತ್ತು ಎಂಬುದನ್ನು ನಾವು ಲೆಕ್ಕಕ್ಕೆ ಹಿಡಿದದ್ದು ಕಡಿಮೆ.

ಮೇ 18ರಂದು ಕರ್ನಾಟಕ ಸರ್ಕಾರ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಬಾಗಿಲು ಹಾಕಿತು. ಆ ದಿನಗಳ ಆರೋಗ್ಯ ಇಲಾಖೆಯ ಬುಲೆಟಿನ್‌ಗಳಲ್ಲಿ ಮಂಡ್ಯದ ರೋಗಿಗಳ ಎದುರು ಮುಂಬಯಿಯಿಂದ ಮರಳಿದವರು ಎಂಬ ಟಿಪ್ಪಣಿ ಸಾಲಿಗೆ ಸಾಲು ಕಾಣುತ್ತಿತ್ತು. ಹುಟ್ಟಿದೂರಿನಲ್ಲಿ ನಮ್ಮ ಗುರುತು ಅದಾಗಿತ್ತು.

ಜೂನ್‌ನಲ್ಲಿ ಮಹಾರಾಷ್ಟ್ರ ಹಂತಹಂತವಾಗಿ ಬಾಗಿಲು ತೆರೆದಾಗ ಟ್ಯಾಕ್ಸಿಗೆ ಸಿಕ್ಕ ಅನುಮತಿ ಚಾಲಕ ಮತ್ತು ಇಬ್ಬರು ಪ್ರಯಾಣಿಕರಿಗೆ. ಸರಿಯಾದ ನಿಯಮವೇ. ಆದರೆ ಸಿ.ಎಸ್.ಎಂ.ಟಿ. ಅಥವಾ ಚರ್ಚ್‌ಗೇಟ್‌ನಿಂದ ಆಫೀಸುಗಳಿಗೆ ಓಡುವ ಶೇರ್ ಟ್ಯಾಕ್ಸಿಯ ಲೆಕ್ಕ ನಿಂತಿರುವುದೇ ನಾಲ್ಕು ಸೀಟಿನ ಮೇಲೆ. ನಾಲ್ವರು ಹಂಚಿಕೊಳ್ಳುವ ಬಾಡಿಗೆಯನ್ನು ಇಬ್ಬರು ಕೊಡಬೇಕು, ಇಲ್ಲವೇ ಚಾಲಕ ಅರ್ಧಕ್ಕೆ ಓಡಬೇಕು. ಇದಕ್ಕಿಂತ ದೊಡ್ಡ ಪೆಟ್ಟು ರೈಲಿನದು. ಮುಂಬಯಿಯಲ್ಲಿ ಟ್ಯಾಕ್ಸಿಗೆ ಸವಾರಿ ತಂದುಕೊಡುವುದು ಲೋಕಲ್ ಟ್ರೇನು. ಜೂನ್ 15ರಿಂದ ಅಗತ್ಯ ಸೇವೆಯವರಿಗಾಗಿ ಓಡತೊಡಗಿದ ಲೋಕಲ್, ಜನಸಾಮಾನ್ಯರಿಗೆ ಸಿಕ್ಕಿದ್ದು 2021ರ ಫೆಬ್ರವರಿ 1ಕ್ಕೆ, ಅದೂ ನಿಗದಿತ ವೇಳೆಯಲ್ಲಿ ಮಾತ್ರ. ಅಷ್ಟು ತಿಂಗಳು ಸ್ಟೇಷನ್ ಹೊರಗಿನ ಸ್ಟ್ಯಾಂಡಿನಲ್ಲಿ ಟ್ಯಾಕ್ಸಿಗಳು ನಿಂತಿದ್ದವು, ಸ್ಟೇಷನ್ನಿನಿಂದ ಜನ ಹೊರಬರುತ್ತಿರಲಿಲ್ಲ. ಅಪಾಯಕ್ಕೆ ಸಿದ್ಧನಾಗಿ ಹೊರಟವನಿಗೆ ಅಪಾಯ ಪೂರ್ತಿ ಸಿಕ್ಕಿತು, ಸಂಪಾದನೆ ಅರ್ಧವೂ ಸಿಗಲಿಲ್ಲ.

ಇನ್ನು ಗಾಳಿಯ ಮಾತು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು, ಅವರಲ್ಲಿ ಭಾರತೀಯರೂ ಇದ್ದರು, ಕಾರಿನೊಳಗೆ ಗಾಳಿ ಹೇಗೆ ಹರಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದರು. ಎಲ್ಲ ಕಿಟಕಿ ಮುಚ್ಚಿ ಎ.ಸಿ. ಹಾಕಿಕೊಂಡು ಹೋಗುವುದು ಎಲ್ಲಕ್ಕಿಂತ ಕೆಟ್ಟದ್ದು, ನಾಲ್ಕೂ ಕಿಟಕಿ ಇಳಿಸುವುದು ಎಲ್ಲಕ್ಕಿಂತ ಒಳ್ಳೆಯದು. ಎರಡೇ ಕಿಟಕಿ ತೆರೆಯುವುದಾದರೆ ನಮ್ಮನಮ್ಮ ಪಕ್ಕದ್ದಲ್ಲ, ಎದುರು ಬದಿಯದು. ನಮ್ಮ ಕಾರುಗಳಲ್ಲಿ ಚಾಲಕ ಬಲಕ್ಕೆ, ಪ್ರಯಾಣಿಕ ಹಿಂದೆ ಎಡಕ್ಕೆ ಕೂತಿದ್ದರೆ, ತೆರೆಯಬೇಕಾದದ್ದು ಮುಂದಿನ ಎಡ ಕಿಟಕಿ ಮತ್ತು ಹಿಂದಿನ ಬಲ ಕಿಟಕಿ. ಆಗ ಗಾಳಿ ಓರೆಯಾಗಿ ಹರಿದು ಇಬ್ಬರ ನಡುವೆ ಪರದೆಯಂತೆ ನಿಲ್ಲುತ್ತದೆ. ಅವರ ಲೆಕ್ಕ ಗಂಟೆಗೆ ಸುಮಾರು 80 ಕಿಲೋಮೀಟರು ವೇಗದ್ದು. ದಾದರಿನಿಂದ ಪರೇಲಿಗೆ ಹೋಗುವ ಗಾಡಿಗೆ ಆ ಭಾಗ್ಯ ಯಾವಾಗ ಬರಬೇಕೋ!

ಆದರೂ ಎ.ಸಿ. ಇಲ್ಲದ, ಕಿಟಕಿ ಪೂರ್ತಿ ಇಳಿಸಿದ ಹಳೆಯ ಕಾಲಿ-ಪೀಲಿ ಆ ವರ್ಷ ಹೊಳೆಯುವ ಎ.ಸಿ. ಕಾರಿಗಿಂತ ಮೇಲಾಗಿತ್ತು ಎಂದು ನನಗನ್ನಿಸುತ್ತದೆ. ಜೂನ್ ಬಂದು ಮಳೆ ಹಿಡಿಯುವವರೆಗೆ. ಮುಂಬಯಿ ಮಳೆಯಲ್ಲಿ ಕಿಟಕಿ ಇಳಿಸಿ ಎಂದು ಯಾವ ಪ್ರಯಾಣಿಕ ಒಪ್ಪುತ್ತಾನೆ? ನಡುವೆ ಪ್ಲಾಸ್ಟಿಕ್ ಹಾಳೆ ಬಂತು. ದಪ್ಪ ಪಾರದರ್ಶಕ ಹಾಳೆಯನ್ನು ಸೀಟಿನ ಹಿಂದೆ ಟೇಪಿನಿಂದ ಅಂಟಿಸಿದ್ದು, ಕೆಲವು ದಿನಕ್ಕೇ ಮಂಕಾಗಿ, ಮೂಲೆ ಕಿತ್ತು ಜೋಲುತ್ತಿತ್ತು. ಅದು ಸೀನು ಕೆಮ್ಮಿನ ಹನಿಯನ್ನು ತಡೆದೀತು, ಗಾಳಿಯನ್ನು ತಡೆಯುವುದಿಲ್ಲ. ಆದರೆ ಏನೋ ಒಂದು ಇದೆ ಎಂಬ ಸಮಾಧಾನ ಎರಡೂ ಕಡೆಯವರಿಗೆ ಬೇಕಿತ್ತು.

ನಮ್ಮ ಊಹೆಯನ್ನು ಕೆಡಿಸುವ ಇನ್ನೊಂದು ಸಂಗತಿ ಇದೆ. ಜುಲೈ 2020ರಲ್ಲಿ ಟಿ.ಐ.ಎಫ್.ಆರ್., ನೀತಿ ಆಯೋಗ ಮತ್ತು ಮುಂಬಯಿ ಮಹಾನಗರಪಾಲಿಕೆ ಸೇರಿ ಮೂರು ವಾರ್ಡುಗಳಲ್ಲಿ ರಕ್ತಪರೀಕ್ಷೆಯ ಸಮೀಕ್ಷೆ ನಡೆಸಿದವು. ಕೊಳೆಗೇರಿಗಳಲ್ಲಿ ಶೇಕಡಾ 57 ಜನರಿಗೆ ಸೋಂಕು ತಗುಲಿ ಹೋಗಿತ್ತು, ಉಳಿದ ವಸತಿಗಳಲ್ಲಿ ಶೇಕಡಾ 16. ಪಾಳಿಯ ಚಾಲಕ ಮಲಗುವುದು ಎಲ್ಲಿ? ಹತ್ತು ಅಡಿಯ ಖೋಲಿಯಲ್ಲಿ, ಹಗಲು ಓಡಿಸುವವನು ಎದ್ದ ಜಾಗದಲ್ಲಿ ರಾತ್ರಿ ಓಡಿಸಿ ಬಂದವನು. ನಳ ಒಂದೇ, ಶೌಚಾಲಯ ಒಂದೇ. ಮನೆಯಲ್ಲೇ ಇರಿ, ಸುರಕ್ಷಿತವಾಗಿರಿ ಎಂದು ಫೋನಿನಲ್ಲಿ ಹೇಳುತ್ತಿದ್ದ ಮಾತು ಅವನಿಗೆ ಅನ್ವಯಿಸುವಂತೆಯೇ ಇರಲಿಲ್ಲ. ಎಷ್ಟೋ ಚಾಲಕರು ಗಾಡಿಯಲ್ಲೇ ಮಲಗಿದರು. ಖೋಲಿಗೆ ಹೋಲಿಸಿದರೆ ಖಾಲಿ ಟ್ಯಾಕ್ಸಿಯೇ ಕ್ಷೇಮ. ಹೆಂಡತಿ ಮಕ್ಕಳು ಜೊತೆಗಿದ್ದವನ ಚಿಂತೆ ಬೇರೆ. ತನಗೆ ಬಂದರೆ ಬರಲಿ, ಮನೆಯಲ್ಲಿರುವ ವಯಸ್ಸಾದ ತಾಯಿಗೆ ಹತ್ತಿಸಿದರೆ?

ಎರಡನೇ ಅಲೆಗೆ ಮುಂಚೆ ಈ ಚಿತ್ರ ತಲೆಕೆಳಗಾಯಿತು. 2021ರ ಆರಂಭದ ಎರಡು ತಿಂಗಳ ಪ್ರಕರಣಗಳಲ್ಲಿ ಸುಮಾರು ಶೇಕಡಾ 90 ಕಟ್ಟಡಗಳಲ್ಲಿ ವಾಸಿಸುವವರದು, ಕೊಳೆಗೇರಿಗಳದು ಶೇಕಡಾ 10 ಎಂದು ಪಾಲಿಕೆಯೇ ಹೇಳಿತು. ಅಂದರೆ ಟ್ಯಾಕ್ಸಿ ಕರೆಯುವವರ ಮನೆಗಳಲ್ಲಿ. ಏಪ್ರಿಲ್‌ನಲ್ಲಿ ಬಂದ ಆದೇಶದಂತೆ ಟ್ಯಾಕ್ಸಿಯಲ್ಲಿ ಮಾಸ್ಕ್ ಹಾಕದವರಿಗೆ 500 ರೂಪಾಯಿ ದಂಡ, ಜೊತೆಗೆ ಚಾಲಕನಿಗೂ 500. ಹಿಂದೆ ಕೂತವರು ಫೋನಿನಲ್ಲಿ ಮಾತಾಡಲು ಮಾಸ್ಕ್ ಇಳಿಸಿದರೆ ಮುಂದೆ ಕೂತವನ ಜೇಬಿಗೆ ಕತ್ತರಿ. ಲಸಿಕೆ ಹಾಕಿಸಿಕೊಳ್ಳಿ, ಅಲ್ಲಿಯವರೆಗೆ ಹದಿನೈದು ದಿನಕ್ಕೊಮ್ಮೆ ನೆಗೆಟಿವ್ ವರದಿ ಇಟ್ಟುಕೊಳ್ಳಿ ಎಂದೂ ಆದೇಶದಲ್ಲಿತ್ತು. ಆಗ ಲಸಿಕೆ ಸಿಗುತ್ತಿದ್ದದ್ದು 45 ದಾಟಿದವರಿಗೆ. ಮೂವತ್ತರ ಚಾಲಕನಿಗೆ ಉಳಿದ ದಾರಿ ಎರಡು: ಖಾಸಗಿ ಲ್ಯಾಬಿನಲ್ಲಿ 500 ರೂಪಾಯಿಯ ಪರೀಕ್ಷೆ, ತಿಂಗಳಿಗೆ ಎರಡು ಬಾರಿ. ಇಲ್ಲವೇ ಅದೇ ಮಂಕು ಪ್ಲಾಸ್ಟಿಕ್ ಹಾಳೆ. ಅದನ್ನು ಕಟ್ಟಿಕೊಂಡವರಿಗೆ ವರದಿಯಿಂದ ವಿನಾಯಿತಿಯಿತ್ತು.

ಆ ಏಪ್ರಿಲ್‌ನಲ್ಲಿ ಆಂಬುಲೆನ್ಸ್ ಸಿಗದೆ ಜನ ಟ್ಯಾಕ್ಸಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಬಾಡಿಗೆ ನಿರಾಕರಿಸುವುದು ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಏದುಸಿರು ಬಿಡುವ ಮುದುಕರನ್ನು ಮಗ ತೋಳಲ್ಲಿ ಎತ್ತಿಕೊಂಡು ನಿಂತಾಗ ಕಾಯ್ದೆ ಯಾರಿಗೆ ನೆನಪಾದೀತು? ಕೆಲವರು ಗಾಡಿ ನಿಲ್ಲಿಸದೆ ಹೋದರು, ಅವರನ್ನು ದೂರಲು ನನಗೆ ಬಾಯಿಲ್ಲ. ಕೆಲವರು ನಿಲ್ಲಿಸಿದರು, ಆಸ್ಪತ್ರೆಯಿಂದ ಆಸ್ಪತ್ರೆಗೆ ಹಾಸಿಗೆ ಹುಡುಕುತ್ತ ಅಲೆದರು. ಪಾಲಿಕೆ ಹಿಂದಿನ ವರ್ಷ ಆ್ಯಪ್ ಕ್ಯಾಬುಗಳಿಗೆ ನಡುವೆ ಗಟ್ಟಿ ಅಡ್ಡಗೋಡೆ ಹಾಕಿಸಿ ರೋಗಿಗಳನ್ನು ಸಾಗಿಸಲು ಬಳಸಿತ್ತು. ಬೀದಿಯ ಟ್ಯಾಕ್ಸಿಗೆ ಆ ಗೋಡೆಯೂ ಇರಲಿಲ್ಲ.

ಸಹಾಯಧನದ ಕಥೆ ಚಿಕ್ಕದು. ಮೊದಲ ಲಾಕ್‌ಡೌನಿನಲ್ಲಿ ಕರ್ನಾಟಕ ಸರ್ಕಾರ ಆಟೋ, ಟ್ಯಾಕ್ಸಿ ಚಾಲಕರಿಗೆ ತಲಾ 5000 ರೂಪಾಯಿ ಘೋಷಿಸಿತು, ದೆಹಲಿಯೂ ಅಷ್ಟೇ ಕೊಟ್ಟಿತು. ಮಹಾರಾಷ್ಟ್ರ 2021ರ ಏಪ್ರಿಲ್‌ನಲ್ಲಿ ಪರ್ಮಿಟ್ ಇರುವ ರಿಕ್ಷಾದವರಿಗೆ 1500 ಎಂದಿತು, ಆ ಪಟ್ಟಿಯಲ್ಲಿ ಟ್ಯಾಕ್ಸಿಯ ಹೆಸರಿರಲಿಲ್ಲ. ಮುಂಬಯಿಯ ಬ್ಯಾಡ್ಜು, ಮಹಾರಾಷ್ಟ್ರದ ನಂಬರ್ ಪ್ಲೇಟು ಇರುವ ಕನ್ನಡಿಗ ಟ್ಯಾಕ್ಸಿಯವನು ಬೆಂಗಳೂರಿನ ಪಟ್ಟಿಗೂ ಸೇರಲಿಲ್ಲ, ಇಲ್ಲಿನ ಪಟ್ಟಿಗೂ ಸೇರಲಿಲ್ಲ.

ಮೀಟರಿನ ದರ ಮಾತ್ರ ಆ ನಡುವೆ ಒಮ್ಮೆ ಏರಿತು. 2015ರಿಂದ 22 ರೂಪಾಯಿಯಿದ್ದ ಕನಿಷ್ಠ ಬಾಡಿಗೆ 2021ರ ಮಾರ್ಚ್ 1ರಿಂದ 25 ಆಯಿತು. ಇಂಧನ, ಬಿಡಿಭಾಗಗಳ ಬೆಲೆಯ ಲೆಕ್ಕದಲ್ಲಿ ಬಂದ ಮೂರು ರೂಪಾಯಿ. ಹೊಸ ದರಕ್ಕೆ ಮೀಟರನ್ನು ಹೊಂದಿಸುವ ಖರ್ಚು ಚಾಲಕನದೇ. ಹಾಗೆ ಹೊಂದಿಸಿಕೊಂಡು ಆರು ವಾರ ಓಡುವಷ್ಟರಲ್ಲಿ, ಏಪ್ರಿಲ್ 14ರ ರಾತ್ರಿ 8 ಗಂಟೆಗೆ ರಾಜ್ಯದಲ್ಲಿ ಮತ್ತೆ ನಿರ್ಬಂಧ ಜಾರಿಯಾಯಿತು.