ನಿಮಗಿದು ಗೊತ್ತೆ? ಕಿವಿ ಮಿಷನ್ನಿನ ಸೆಲ್ಲಿಗೂ ಗಾಳಿ ಬೇಕು!

‘ಸಾರು ಬೇಕಾ?’ ಎಂದರೆ ಅಜ್ಜ ‘ಆರು ಯಾಕೆ, ಎರಡು ಸಾಕು’ ಎನ್ನುತ್ತಾರೆ. ಮನೆಯವರಿಗೆ ನಗು. ವಯಸ್ಸಾದಂತೆ ಕಿವಿ ಸಾಮಾನ್ಯವಾಗಿ ಮೊದಲು ಬಿಟ್ಟುಕೊಡುವುದು ಕೀರಲು ದನಿಗಳನ್ನು. ‘ಸ’ಕಾರದ ಸದ್ದು ಇರುವುದೂ ಅಲ್ಲೇ. ‘ಆ’, ‘ಉ’ ಕೇಳುತ್ತವೆ, ‘ಸ’ ಜಾರಿಹೋಗುತ್ತದೆ. ಕಿರುಚಿ ಹೇಳಿದರೂ ಅಷ್ಟಕ್ಕಷ್ಟೆ.

ಆದ್ದರಿಂದಲೇ ಶ್ರವಣಸಾಧನ ಎಲ್ಲ ಸದ್ದನ್ನೂ ಒಂದೇ ಸಮ ಜೋರು ಮಾಡುವುದಿಲ್ಲ. ಮೈಕ್ ಹಿಡಿದುಕೊಟ್ಟ ಸದ್ದಿನಲ್ಲಿ, ಆ ಕಿವಿಗೆ ಕೇಳದ ದನಿಗಳನ್ನು ಚಿಪ್ ಹೆಚ್ಚು ಎತ್ತಿಕೊಡುತ್ತದೆ. ಯಾವ ದನಿ ಎಷ್ಟು ಕೇಳುತ್ತದೆ ಎಂದು ತೋರಿಸುವ ಆಡಿಯೋಗ್ರಾಂ ನೋಡಿಯೇ ಅದನ್ನು ಹೊಂದಿಸಬೇಕು. ಪಕ್ಕದ ಮನೆಯವರ ಮಿಷನ್ ಎರವಲು ತರುವುದೂ ಒಂದೇ, ಅವರ ಕನ್ನಡಕ ಹಾಕಿಕೊಳ್ಳುವುದೂ ಒಂದೇ.

ಇನ್ನು ಸೆಲ್ಲಿನ ವಿಷಯ. ಅಂಗಿ ಗುಂಡಿಗಿಂತ ಚಿಕ್ಕದಾದ ಅದರ ಮೇಲೆ ಬಣ್ಣದ ಸ್ಟಿಕ್ಕರ್ ಇರುತ್ತದೆ. ಕಿತ್ತರೆ ಸೂಜಿಮೊನೆಯಂಥ ತೂತುಗಳು. ಗಾಳಿಯ ಆಮ್ಲಜನಕ ಒಳಗಿನ ಸತುವಿನೊಡನೆ ಸೇರಿದಾಗಲೇ 1.4 ವೋಲ್ಟ್ ಹುಟ್ಟುವುದು. ಅದಕ್ಕೇ ಸ್ಟಿಕ್ಕರ್ ಕಿತ್ತು, ಒಂದೆರಡು ನಿಮಿಷ ಬಿಟ್ಟು ಸೆಲ್ ಹಾಕಬೇಕು. ‘ಉಳಿಸೋಣ’ ಎಂದು ಮತ್ತೆ ಅಂಟಿಸುವವರಿದ್ದಾರೆ. ಒಮ್ಮೆ ಉಸಿರೆಳೆದ ಸೆಲ್ ಮತ್ತೆ ಮೊದಲಿನಂತಾಗದು.

ಅಂದಹಾಗೆ, ಟ್ರಾನ್ಸಿಸ್ಟರ್ ಎಂದರೆ ನಮಗೆ ರೇಡಿಯೋ. ಆದರೆ 1954ರಲ್ಲಿ ರೇಡಿಯೋ ಸೇರುವ ಮೊದಲೇ ಅದು ಕಿವಿ ಮಿಷನ್ ಸೇರಿತ್ತು.